ರಾಗಿ ಬೀಸಿ ಬಗ್ಗಿದ ಮಂಡಿ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನನ್ನ ಬಲಗಾಲು ನಮ್ಮ ಮನೆಯ ಒನಕೆಗಿಂತ ಬಿರುಸಾಗಿ ಸೆಟೆದುಕೊಂಡಿತ್ತು. ನಗಬೇಡಿ! ಓಡುವ ಗಾಡಿಯ ಹಿಂದೆ ಜೋತುಬಿದ್ದು ಕಬ್ಬಿನ ಜಲ್ಲೆ ಎಳೆಯಲು ಹೋಗಿ ಬಿದ್ದು ಕಾಲು ಮುರಿದುಕೊಂಡಿದ್ದೆ. ಮೂಳೆಯೇನೋ ಕೂಡಿತು. ಆದರೆ ಬಿದಿರು ದಬ್ಬೆಯ ಕಟ್ಟಿನೊಳಗೆ ಬಹಳ ದಿನ ಇದ್ದ ಮಂಡಿ ಮಡಚುವುದನ್ನೇ ಮರೆತಿತ್ತು. ಕಟ್ಟು ಬಿಚ್ಚಿದ ಮೇಲೂ ಅವ್ವ ಬಿಡಲಿಲ್ಲ. "ಕಾಲು ಅಲ್ಲಾಡಿಸ್ಬ್ಯಾಡ ಮಗಾ" ಎಂದು ಮುದ್ದೆ, ಬಸ್ಸಾರನ್ನು ಮಂಚಕ್ಕೇ ತಂದುಕೊಡುತ್ತಿದ್ದಳು. ಮುದ್ದು ಹೆಚ್ಚಿದಷ್ಟೂ ಕಾಲು ಕೊರಡಾಯಿತು.

ಆ ವರ್ಷ ನಾನು ಮಂಡ್ಯದ ಹೈಸ್ಕೂಲಿಗೆ ಸೇರಬೇಕಿತ್ತು. ಹೋಗುವುದು ಹನಕೆರೆ ಸ್ಟೇಷನ್ನಿನಿಂದ, ಬೆಳಗಿನ ರೈಲಿನಲ್ಲಿ. ಆಗ ಅಲ್ಲಿ ಪ್ಲಾಟ್‌ಫಾರಂ ನೆಲಮಟ್ಟಕ್ಕಿತ್ತು, ರೈಲಿನ ಮೆಟ್ಟಿಲು ನನ್ನ ಸೊಂಟದ ಹತ್ತಿರ. ಮಂಡಿ ಮಡಚದವನು ಅದನ್ನು ಹತ್ತುವುದುಂಟೇ?

ಅಪ್ಪ ಗದ್ದೆಗೆ ನೀರು ಕಟ್ಟಿ ಬಂದವನು, ಕೆಸರು ಕಾಲಲ್ಲೇ ನಿಂತು ಹೇಳಿದ: "ದಿನಾ ನಿನ್ನ ಎತ್ತಿ ಕೂರ್ಸಕ್ಕೆ ಬರಕ್ಕಾದದೇನ್ಲಾ? ನೀನೇ ರೈಲು ಏರುದ್ರೆ ಇಸ್ಕೂಲು. ಇಲ್ದಿದ್ರೆ ಇಲ್ಲೇ ದನ ನೋಡ್ಕೊಂಡು ಇರು." ಅಪ್ಪನ ಮಾತು ಒರಟು, ಆದರೆ ಸುಳ್ಳಲ್ಲ. ನಾನು ಗೋಡೆ ಕಡೆ ತಿರುಗಿ ಅತ್ತೆ.

ಮಾರನೆಯ ಬೆಳಗ್ಗೆ ಅಕ್ಕ ಎಂದಿನಂತೆ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಗೂಟ ಹಿಡಿದು ಸೊಂಟದಿಂದ ಮುಂದೆ ಬಾಗುವುದು, ಹಿಂದೆ ವಾಲುವುದು. ಬೀಸಿದ ರಾಗಿಯ ಬಿಸಿ ಬಿಸಿ ಪರಿಮಳ ಮನೆಯೆಲ್ಲ ತುಂಬಿತ್ತು. "ಬಾರ್ಲಾ, ಎದ್ರುಗೆ ಕುಂತ್ಕೊ" ಎಂದಳು.

"ಅಯ್ಯೋ, ಗಂಡುಹುಡುಗ ರಾಗಿ ಬೀಸದಾ?" ಎಂದು ಅವ್ವ ಒಳಗಿನಿಂದ ಕೂಗಿದಳು.

"ಗಂಡಾದ್ರೇನವ್ವಾ, ಮುದ್ದೆ ತಿನ್ನಕಿಲ್ವಾ?" ಎಂದು ಅಕ್ಕ ನನ್ನನ್ನು ಕೂರಿಸಿಯೇ ಬಿಟ್ಟಳು. ಒಂದೇ ಗೂಟಕ್ಕೆ ಇಬ್ಬರ ಕೈ. ಮೊದಮೊದಲು ಬಲಗಾಲು ಚಾಚಿ ಕೂರುವುದೇ ಕಷ್ಟ, ತೊಡೆಯ ಹಿಂದೆ ಚುರ್ರೆನ್ನುತ್ತಿತ್ತು. ಬೇಗ ಬಗ್ಗಲಿ ಎಂದು ನಾನು ಜೋರಾಗಿ ಎಳೆದರೆ ಅಕ್ಕ ಗದರುತ್ತಿದ್ದಳು: "ಜಗ್ಗಬ್ಯಾಡ ಕಣ್ಲಾ, ರಾಗಿ ಚೆಲ್ಲೋಯ್ತದೆ! ಉಸ್ರು ಬುಟ್ಕೊಂಡು ಬಗ್ಗು." ಅವಳು ಬೀಸುವ ಪದ ಹಾಡುತ್ತಿದ್ದಳು, ಸಾಲು ಮುಗಿಯುವಾಗ ಉಸಿರು ತಾನೇ ಹೊರಬರುತ್ತಿತ್ತು, ಮೈ ತಾನೇ ಬಾಗುತ್ತಿತ್ತು. ಆಮೇಲೆ ಆ ಕಾಲನ್ನು ಮಡಚಿಸಿ, ಮಂಡಿ ಕೆಳಗೆ ಗೋಣಿಚೀಲಗಳ ಒತ್ತು ಕೊಟ್ಟಳು. ಕಾಲು ಸಡಿಲವಾದಂತೆಲ್ಲ ಒಂದೊಂದೇ ಚೀಲ ತೆಗೆದಳು. ಕೊನೆಗೆ ಮಂಡಿ ಸೆಗಣಿ ಸಾರಿಸಿದ ತಣ್ಣನೆ ನೆಲ ಮುಟ್ಟಿದಾಗ ಇಬ್ಬರೂ ಹಿಟ್ಟು ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದೆವು.

ಸ್ಕೂಲು ಶುರುವಾದ ದಿನ ಅಪ್ಪ, ಅಕ್ಕ ಇಬ್ಬರೂ ಸ್ಟೇಷನ್ನಿಗೆ ಬಂದರು. ಕಲ್ಲಿದ್ದಲ ಹೊಗೆ ಉಗುಳುತ್ತಾ ರೈಲು ಬಂದು ನಿಂತಿತು. ನಾನು ಕಂಬಿ ಹಿಡಿದು ಎಡಗಾಲು ಮೇಲಿಟ್ಟೆ. ಬಲಗಾಲು ಎಳೆದರೆ ಬರಲಿಲ್ಲ. ಹೆದರಿಕೆಗೆ ಮಂಡಿ ಮತ್ತೆ ಕೊರಡಾಗಿತ್ತು. ಗಾರ್ಡು ಸೀಟಿ ಊದಿದ. ಅಪ್ಪ ಎತ್ತಲು ಮುಂದೆ ಬಂದ, ಅಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು. ಅಷ್ಟು ಜನರ ಮುಂದೆ, ನಾಚಿಕೆ ಬಿಟ್ಟು, ಬೀಸುವ ಪದ ಶುರು ಮಾಡಿದಳು. ಸಾಲು ಮುಗಿಯಿತು, ನನ್ನ ಉಸಿರು ಹೊರಬಂತು, ಮಂಡಿ ಮಡಚಿತು. ಮೇಲೆ ಬಂದು ತಿರುಗಿ ನೋಡಿದರೆ ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಆ ರೈಲಿನಿಂದಲೇ ನನ್ನ ಓದು, ಕೆಲಸ ಎಲ್ಲ. ಅಕ್ಕನಿಗೆ ಹೈಸ್ಕೂಲು ಸಿಗಲಿಲ್ಲ. ತನಗೆ ಸಿಗದಿದ್ದನ್ನು ನನಗೆ ಕೊಡಿಸಿದಳಲ್ಲ, ಅವಳ ಋಣ ನಾನು ಹೇಗೆ ಮರೆಯಲಿ?

ಮೊನ್ನೆ ನೀವು ಮನೆಯ ಹಾಲ್‌ನಲ್ಲಿ ಬಣ್ಣದ ಮ್ಯಾಟು ಹಾಸಿ, ಫೋನಿನಲ್ಲಿ ಯೋಗದ ಟೀಚರನ್ನು ನೋಡುತ್ತಾ, ಕಾಲು ಚಾಚಿ, ಕೈ ಜೋಡಿಸಿ ಗುಂಡಗೆ ತಿರುಗಿಸುತ್ತಿದ್ದಿರಿ. ಅದಕ್ಕೆ ಚಕ್ಕಿ ಚಲನಾಸನ ಎಂದು ಹೆಸರಂತೆ, ಚಕ್ಕಿ ಎಂದರೆ ಬೀಸುವ ಕಲ್ಲೇ. ಅಲ್ಲಿ ಕಲ್ಲಿರಲಿಲ್ಲ, ರಾಗಿಯ ಪರಿಮಳವೂ ಇರಲಿಲ್ಲ. ಆದರೂ ನನಗೆ ನಮ್ಮ ಮನೆಯೇ ಕಂಡಿತು. ಪುಟ್ಟಿ ಮುಖ ಕೆಂಪಗೆ ಮಾಡಿಕೊಂಡು ಕಾಲ್ಬೆರಳು ಮುಟ್ಟಲು ಒದ್ದಾಡುತ್ತಿದ್ದಳಲ್ಲ, ಅವಳಿಗೂ ಅದನ್ನೇ ಹೇಳಿದೆ: ಜಗ್ಗಬೇಡಮ್ಮಾ, ಉಸಿರು ಬಿಡುತ್ತಾ ಬಾಗು.

ಯಲಿಯೂರಿನಲ್ಲಿರುವ ಅಕ್ಕನಿಗೆ ಈಗ ವಯಸ್ಸಾಗಿದೆ, ಅವಳ ಮಂಡಿಯೇ ಹಿಡಿದುಕೊಂಡಿದೆ. ಭಾನುವಾರ ನಾನು ಅವಳೆದುರು ಕುರ್ಚಿ ಹಾಕಿಕೊಂಡು, ಅವಳ ಎರಡೂ ಕೈ ಹಿಡಿದು, ಮೆಲ್ಲಗೆ ಗುಂಡಗೆ ತಿರುಗಿಸುತ್ತೇನೆ. ಮುಂದೆ ಬಾಗುತ್ತಾಳೆ, ಹಿಂದೆ ವಾಲುತ್ತಾಳೆ. ನಾನು ಒಂಚೂರು ಜೋರು ಮಾಡಿದರೆ ಇವತ್ತಿಗೂ ಗದರುತ್ತಾಳೆ: "ಜಗ್ಗಬ್ಯಾಡ ಕಣ್ಲಾ, ರಾಗಿ ಚೆಲ್ಲೋಯ್ತದೆ!"