ರೋಜಮ್ಮ ವಾಪಸ್ ಕೇಳುತ್ತಿದ್ದ ಗರಿ

ರೋಜಮ್ಮ ಯಾವುದನ್ನೂ ಮೂಸದೆ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಹಾಲಿನವನು ಅಳೆದ ಹಾಲು, ಅಂಗಡಿಯ ಸೀಮೆಎಣ್ಣೆ, ಸಂಕ್ರಾಂತಿಗೆ ನಾನು ಕೊಟ್ಟ ಎಳ್ಳುಬೆಲ್ಲ, ಎಲ್ಲವೂ ಮೊದಲು ಆಕೆಯ ಮೂಗಿನ ಹತ್ತಿರ ಹೋಗಿಬರಬೇಕು. ಮೂಸಿ, ಕೊಟ್ಟವರ ಮುಖವನ್ನೊಮ್ಮೆ ನೋಡಿ, "ಇರ್ಲಿ ಬಿಡಿ" ಎನ್ನುತ್ತಿದ್ದಳು. ನಂಬಿದ್ದೇನೆ ಎಂದು ಅದಕ್ಕೆ ಯಾವತ್ತೂ ಅರ್ಥವಿರಲಿಲ್ಲ.

ಐವತ್ತರ ದಶಕದಲ್ಲಿ ರಾಜಾಜಿನಗರ ಆಗಷ್ಟೇ ತಲೆಯೆತ್ತುತ್ತಿತ್ತು. ರಸ್ತೆ ಬರುವ ಕಡೆಯಲ್ಲೆಲ್ಲ ಗುರುತಿನ ಕಲ್ಲು ನೆಟ್ಟಿದ್ದರು, ರಸ್ತೆ ಮಾತ್ರ ಬಂದಿರಲಿಲ್ಲ. ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ದಾವಣಗೆರೆ ಕಡೆಯ ವೀರಭದ್ರಪ್ಪನವರು ಕಟ್ಟಿಸಿದ ಹೆಂಚಿನ ವಠಾರಕ್ಕೆ ನಾನು ಹೊಸ ಸೊಸೆಯಾಗಿ ಬಂದೆ. ಸ್ವಲ್ಪ ದಿನಕ್ಕೆ ಪಕ್ಕದ ಮನೆಗೆ ರೋಜಮ್ಮ ಬಂದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಯಾವುದೋ ಆಸ್ಪತ್ರೆಯಲ್ಲಿ ಆಯಾ ಕೆಲಸ. ಒಂಟಿ ಹೆಂಗಸು, ಅದರ ಮೇಲೆ ಕಿರಿಸ್ತಾನರವಳು ಎಂದು ಎಲ್ಲೂ ಬಾಡಿಗೆಗೆ ಮನೆ ಸಿಕ್ಕಿರಲಿಲ್ಲ. ವೀರಭದ್ರಪ್ಪನವರು ಕೊಟ್ಟಿದ್ದೂ "ಏನರ ಗದ್ಲ ಆದ್ರ ಮನಿ ಖಾಲಿ ಮಾಡ್ಬೇಕು ನೋಡ್ರಿ" ಎಂದು ಗಟ್ಟಿ ಮಾಡಿಕೊಂಡೇ. ಇಲ್ಲಿಂದ ಎದ್ದರೆ ಇನ್ನೆಲ್ಲಿಗೆ ಎಂಬ ಭಯ ಆಕೆಗೆ ಸದಾ ಇತ್ತು. ಅದಕ್ಕೇ ಇರಬೇಕು, ನಮ್ಮಲ್ಲಿ ಯಾರು ಕೆಮ್ಮಿದರೂ ತನ್ನನ್ನು ನೋಡಿಯೇ ಕೆಮ್ಮಿದರು ಎಂದುಕೊಳ್ಳುತ್ತಿದ್ದಳು.

ಅನುಮಾನದಲ್ಲಿ ಆಕೆಗೆ ಸರಿಜೋಡಿ ಎಂದರೆ ನಮ್ಮ ಅತ್ತೆಯವರು. ಪಕ್ಕದ ಮನೆಯ ಹೊಗೆ ನೋಡಿಯೇ ಒಲೆಯ ಮೇಲೆ ಏನಿದೆ ಎಂದು ತೀರ್ಮಾನ ಮಾಡುವವರು. ಇಬ್ಬರೂ ನಲ್ಲಿಯ ಹತ್ತಿರ ಎದುರಾದರೆ ಒಬ್ಬರ ಬಿಂದಿಗೆಯನ್ನು ಇನ್ನೊಬ್ಬರು ಕಣ್ಣಲ್ಲೇ ತಪಾಸಣೆ ಮಾಡುತ್ತಿದ್ದರು. ನನಗಂತೂ ನೋಡಲು ಮಜವಾಗಿರುತ್ತಿತ್ತು.

ಇಂಥ ರೋಜಮ್ಮ ವರ್ಷದಲ್ಲಿ ಒಂದು ದಿನ ಬೇರೆಯೇ ಹೆಂಗಸಾಗುತ್ತಿದ್ದಳು. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಅವರ ಗರಿಗಳ ಭಾನುವಾರ ಅದು. ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಎಳೆ ತೆಂಗಿನ ಗರಿಗಳನ್ನು ತಂದು ಜಗಲಿಯ ಮೇಲೆ ಕೂರುತ್ತಿದ್ದಳು. ಉಗುರಿನಿಂದ ಕಡ್ಡಿ ಬಿಡಿಸಿ, ಗರಿಯನ್ನು ಮಡಿಸಿ, ತಿರುಗಿಸಿ, ಒಂದರೊಳಗೊಂದು ತೂರಿಸಿ ಎಳೆದರೆ ಅಂಗೈಯಲ್ಲಿ ಹಿಡಿಸುವ ಶಿಲುಬೆ. ದಾರವಿಲ್ಲ, ಅಂಟಿಲ್ಲ. ಮೊದಲನೆಯ ವರ್ಷ ವಠಾರದ ಒಂದೊಂದು ಬಾಗಿಲಿಗೂ ಒಂದೊಂದು ತಂದಳು. ನಮ್ಮ ಬಾಗಿಲಿಗೂ ಬಂದಳು.

ನಮಗ್ಯಾಕೆ ಇದು ಎಂದು ನಾನು ಮೆಲ್ಲಗೆ ಕೇಳಿದೆ.

"ಇದು ನಾನು ಕೊಡೋದಲ್ಲ ಕಣಮ್ಮ" ಎಂದಳು. "ನಂದೇ ಆಗಿದ್ರೆ ನಿಮ್ಮತ್ತೆಗೆ ಕೊಡ್ತಾನೇ ಇರ್ಲಿಲ್ಲ. ದೇವ್ರು ಎಲ್ಲಾರ್‍ನೂ ಪ್ರೀತಿಸ್ತಾನೆ, ನಾನೇನ್ ಮಾಡ್ಲಿ?"

ಒಳಗಿದ್ದ ಅತ್ತೆಗೆ ಅದು ಕೇಳಿಸಿತು. ಬಾಗಿಲಿಗೆ ಬಂದದ್ದನ್ನು ಬೇಡ ಎನ್ನುವಂತಿಲ್ಲ, ಹಾಗೆಂದು ಒಳಗೆ ಇಟ್ಟುಕೊಳ್ಳುವುದಕ್ಕೂ ಧೈರ್ಯವಿಲ್ಲ. ಕೊನೆಗೆ ಹೊರಗೆ ಸೂರಿನ ಹೆಂಚಿನ ಸಂದಿಗೆ ಸಿಕ್ಕಿಸಿ ಕೈ ತೊಳೆದುಕೊಂಡು ಬಂದರು. ಇವಳು ನಮ್ಮನ್ನೆಲ್ಲ ಅವರ ಜಾತಿಗೆ ಸೇರಿಸುವುದಕ್ಕೆ ಇದು ಮೊದಲ ಹೆಜ್ಜೆ ಎಂದು ರಾತ್ರಿ ನನ್ನ ಗಂಡನಿಗೆ ಎಚ್ಚರಿಕೆಯನ್ನೂ ಕೊಟ್ಟರು.

ಮುಂದಿನ ವರ್ಷ ಚಳಿ ಇಳಿಯುತ್ತಿದ್ದಾಗ ನಾನು ಚೊಚ್ಚಲ ಬಸುರಿ. ಆಗ ರೋಜಮ್ಮ ಕೈಯಲ್ಲೊಂದು ಬಿಳಿ ಬಟ್ಟೆ ಹಿಡಿದು ಮನೆಮನೆಗೂ ಬಂದು, ಹೋದ ವರ್ಷ ಕೊಟ್ಟ ಗರಿಯನ್ನು ವಾಪಸ್ ಕೊಡಿ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ನಾವು ನಗುತ್ತೇವೆ ಎಂಬ ಅನುಮಾನ ಆಕೆಗೆ. ಕೊಟ್ಟದ್ದನ್ನು ಯಾರಾದರೂ ವಾಪಸ್ ಕೇಳುತ್ತಾರೆಯೇ? ವರ್ಷವಿಡೀ ನಮ್ಮ ಸೂರಿನಲ್ಲಿದ್ದು ನಮ್ಮ ಗಾಳಿ ಕುಡಿದ ವಸ್ತು, ಅದೂ ಬಸುರಿ ಇರುವ ಮನೆಯದು. ಅತ್ತೆಯ ಕಣ್ಣಿಗೆ ಇದು ಮಾಟವಲ್ಲದೆ ಇನ್ನೇನೂ ಆಗಿರಲಿಲ್ಲ. "ಇಲಿ ತಿಂದ್ಕೊಂಡ್ ಹೋಯ್ತು" ಎಂದುಬಿಟ್ಟರು. ರೋಜಮ್ಮ ಸೂರನ್ನೂ ಅತ್ತೆಯನ್ನೂ ನೋಡಿ ಮುಂದಿನ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಆಕೆ ಗರಿಗಳ ಗಂಟು ಹಿಡಿದು ಹೊರಟಾಗ ಅತ್ತೆ ಸೆರಗು ಹೊದ್ದು ಹಿಂದೆಯೇ ಹೊರಟರು. ಮನೆಯಿಂದ ಅಂಗಡಿಗೆ ಹೋಗಲೂ ಕಾಲುನೋವು ಎನ್ನುವವರು ಬಯಲು ದಾಟಿ ಚರ್ಚಿನವರೆಗೂ ಹೋಗಿದ್ದರು. ಏದುಸಿರು ಬಿಡುತ್ತಾ ಬಂದವರು ನನ್ನ ಹತ್ತಿರವೂ ಬರಲಿಲ್ಲ, ನೇರ ವೀರಭದ್ರಪ್ಪನವರ ಮನೆಗೆ ಹೋದರು. ವಠಾರದ ಉಳಿದ ಮನೆಗಳ ಗರಿಗಳನ್ನು ಚರ್ಚಿನ ಹಿಂದೆ ಬೆಂಕಿಗೆ ಹಾಕಿ ಸುಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಮಾರನೆಯ ದಿನ ಬುಧವಾರ. ವೀರಭದ್ರಪ್ಪನವರು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಈ ತಿಂಗಳಿಗೇ ಖಾಲಿ ಮಾಡಿ ಎನ್ನಲು ರೋಜಮ್ಮನ ಬಾಗಿಲಿಗೆ ಬಂದು ನಿಂತರು. ವಠಾರದವರೆಲ್ಲ ಹೊರಗೆ ಬಂದೆವು. ಆಕೆ ಅದೇ ತಾನೇ ಚರ್ಚಿನಿಂದ ಬರುತ್ತಿದ್ದಳು. ಹಣೆಯ ಮೇಲೆ ಬೂದಿ ಇತ್ತು.

ವೀರಭದ್ರಪ್ಪನವರು ಬಂದ ಕೆಲಸ ಬಿಟ್ಟು ಆ ಬೂದಿಯತ್ತ ಬಗ್ಗಿದರು. "ಇದೇನವ್ವ, ನೀವೂ ಹಚ್ಕೋತೀರೇನು?" ಎಂದರು.

ರೋಜಮ್ಮ ಸೆರಗು ಸರಿಮಾಡಿಕೊಂಡಳು. "ವರ್ಷಕ್ಕೊಂದ್ಸಲ ಸ್ವಾಮಿ, ಇವತ್ತು ನಮ್ಗೆ ಬೂದಿ ಬುಧವಾರ. ಹೋದ್ವರ್ಷದ ಗರಿ ಸುಟ್ಟೇ ಈ ಬೂದಿ ಮಾಡೋದು. ಒಂದಿನ ನೀನೂ ಮಣ್ಣಾಗ್ತೀಯ ಅಂತ ಪಾದ್ರಿಗಳು ಹೇಳಿ ಹಚ್ತಾರೆ."

ಮತ್ತೆ ಎಲ್ಲರ ಮನೆಯದನ್ನೂ ಯಾಕೆ ಕೇಳಿದಿರಿ ಎಂದು ಅವರು ವಿಚಾರಿಸಿದರು.

"ಮಂತ್ರಿಸಿದ ಗರಿ ಸ್ವಾಮಿ. ಇವ್ರೆಲ್ಲಾ ಕಸದ ಗುಂಡಿಗೆ ಎಸೀತಾರೆ ಅಂತ ನಂಗೆ ಅನುಮಾನ."

ವೀರಭದ್ರಪ್ಪನವರು ತಮ್ಮ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡರು. ಆಮೇಲೆ ನಮ್ಮ ಸೂರಿನಲ್ಲಿ ಸಿಕ್ಕಿಸಿದ್ದ ಗರಿಯನ್ನು ಕಂಡು ಅತ್ತೆಯ ಕಡೆ ತಿರುಗಿ, "ಅವ್ರ ಗರಿ ಅವ್ರಿಗೆ ಕೊಟ್ಬಿಡ್ರಿ" ಎಂದು ಹೇಳಿ ಹೊರಟುಹೋದರು. ಮನೆ ಖಾಲಿ ಮಾಡುವ ಮಾತು ಆಮೇಲೆ ಎಂದೂ ಬರಲಿಲ್ಲ. ಅತ್ತೆ ಮುಖ ಸಣ್ಣದು ಮಾಡಿಕೊಂಡು ಸೂರಿನ ಸಂದಿಯಿಂದ ಒಣಗಿದ ಶಿಲುಬೆ ತೆಗೆದು ಚಾಚಿದರು. ರೋಜಮ್ಮ ಅದನ್ನೂ ಮೂಸಿದಳು. ಇಲಿಯ ಮಾತು ಎತ್ತಲಿಲ್ಲ. "ಇರ್ಲಿ ಬಿಡಿ, ಬರೋ ವರ್ಷಕ್ಕೆ ಸೇರಿಸ್ಕೊತೀನಿ" ಎಂದಳು. ನನಗೆ ಆ ಕ್ಷಣ ಆಕೆಯ ಮೇಲೆ ತುಂಬಾ ಪ್ರೀತಿ ಬಂತು.

ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆ ನೀರು ಹಾಕಿದವಳೂ ಆಕೆಯೇ. ಅತ್ತೆ ಒಳಗೆ ಬಿಟ್ಟುಕೊಂಡರೆಂದು ಇಬ್ಬರೂ ಸ್ನೇಹಿತರಾದರು ಅಂದುಕೊಳ್ಳಬೇಡಿ. ಅವಳು ಎರೆದ ನೀರಿನ ಬಿಸಿಯನ್ನು ಅತ್ತೆ ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದರು. ಅತ್ತೆ ಕೊಟ್ಟ ಕಾಫಿಯನ್ನು ಅವಳು ಮೂಸುತ್ತಿದ್ದಳು. ವರ್ಷವರ್ಷವೂ ಗರಿ ಬಂತು, ವರ್ಷವರ್ಷವೂ ವಾಪಸ್ ಹೋಯಿತು.

ಒಂದು ವರ್ಷ ಆಕೆಯ ಕಾಲುಗಳು ಸೋತವು. ಕೋಲಾರದ ಕಡೆಯಿಂದ ತಂಗಿಯ ಮಗ ಕರೆದೊಯ್ಯಲು ಬಂದ. ಗರಿಗಳ ಭಾನುವಾರ ಮುಗಿದು ಎರಡು ದಿನವಾಗಿತ್ತು. ಜಟಕಾ ಹತ್ತುವ ಮುಂಚೆ ಕೊನೆಯ ಶಿಲುಬೆಯನ್ನು ಅತ್ತೆಯ ಕೈಗಿಟ್ಟಳು.

"ಮತ್ತೆ ವಾಪಸ್ ಕೇಳೋಕೆ ಯಾರು ಬರ್ತಾರೆ?" ಎಂದರು ಅತ್ತೆ.

"ನಾನೇ ಬರ್ತೀನಿ. ನಿಮ್ಮನ್ನ ನಂಬೋಕಾಗತ್ತಾ?"

ಮುಂದಿನ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷ, ರೋಜಮ್ಮ ತೀರಿಕೊಂಡಳಂತೆ ಎಂದು ಆಸ್ಪತ್ರೆಯ ಕಡೆಯವರು ಯಾರೋ ಹೇಳಿದರು. ನಾನು ಅತ್ತೆಯೆದುರಿಗೇ ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. "ಯಾರು ಕಣ್ಣಾರೆ ಕಂಡೋರು? ಜನ ಏನ್ ಬೇಕಾದ್ರೂ ಹೇಳ್ತಾರೆ" ಎಂದರು.

ಆ ಬೇಸಿಗೆಯಲ್ಲಿ ಒಡೆದ ಹೆಂಚು ಬದಲಿಸಲು ಬಂದ ಆಳು, ಸಂದಿಯಲ್ಲಿದ್ದ ಒಣಗರಿಯನ್ನು ಎಳೆದು ಎಸೆಯಲು ಹೋದ. ಅತ್ತೆ ಓಡಿಹೋಗಿ ಅವನ ಕೈಯಿಂದ ಕಿತ್ತುಕೊಂಡರು. ಸೆರಗಿನಿಂದ ಧೂಳು ಒರೆಸಿ, ಹೊಸ ಹೆಂಚಿನ ಸಂದಿಗೆ ತಾವೇ ಸಿಕ್ಕಿಸಿದರು.

"ಅನುಮಾನದ ಹೆಂಗ್ಸು" ಎಂದರು ನನಗೆ. "ನಾಳೆ ಬಂದು ಕೇಳಿದ್ರೆ, ಇಲಿ ತಿಂತು ಅಂದ್ರೆ ನಂಬ್ತಾಳಾ?"