ಕಾಲುವೆಯಿಂದ ಎತ್ತಿ ತಂದವರು

ದೆವ್ವ, ಮಾಯೆ ಅನ್ನುವ ಮಾತು ಶುರುವಾದರೆ ನಕ್ಕು ಎದ್ದು ಹೋಗುವವಳು ನಾನು. ನೀವೂ ಹಾಗೆಯೇ ಇದ್ದರೆ, ಇದನ್ನು ನಂಬಿ ಎಂದು ನಾನೇನೂ ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ಆಗ ನಾನು ದೂರದ ಊರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಪುಟ್ಟ ಮಕ್ಕಳ ಶಿಕ್ಷಣ ಓದುತ್ತಿದ್ದೆ. ಹೊಸಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮಪ್ಪನಿಗೆ ಅದು ಕೊನೆಗೂ ಅರ್ಥವಾಗಲಿಲ್ಲ. "ಕೂಸು ಆಡ್ಸಾಕ ಡಿಗ್ರಿ ಯಾಕ ಬೇಕವ್ವ?" ಎನ್ನುತ್ತಿದ್ದರು. ಬೆಳಿಗ್ಗೆ ಎಲ್ಲರ ಜೊತೆ ಪ್ರಾರ್ಥನೆಗೆ ಕೂರುತ್ತಿದ್ದೆ, ಹಣೆಯ ಮೇಲೆ ವಿಭೂತಿಯೂ ಇರುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅಲ್ಲಿ ಕಲಿತದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ಮಕ್ಕಳನ್ನು ಏನಾದರೂ ಕೇಳುವಾಗ ಉತ್ತರವನ್ನು ನಾವೇ ಅವರ ಬಾಯಿಗೆ ಇಡಬಾರದು.

ಕೊನೆಯ ವರ್ಷ ಪಾಠದ ಅಭ್ಯಾಸಕ್ಕೆಂದು ಕಂಪ್ಲಿಯ ಒಂದು ಶಿಶುವಿಹಾರಕ್ಕೆ ಬಂದೆ. ಶಿಶುವಿಹಾರ ನಡೆಯುತ್ತಿದ್ದುದು ಒಂದು ಬಾಡಿಗೆ ಮನೆಯಲ್ಲಿ, ಎದುರು ರಸ್ತೆ ದಾಟಿದರೆ ಕಾಲುವೆ. ಆ ದಿನ ಆಯಾ ಬಂದಿರಲಿಲ್ಲ, ಹಿರಿಯ ಟೀಚರ್ ಮೀಟಿಂಗಿಗೆ ಹೋಗಿದ್ದರು. ಊಟವಾಗಿ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ್ದರು. ರೇಷ್ಮಾ ಎಂಬ ಹುಡುಗಿ ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡಳು. ಮುಂಬಾಗಿಲನ್ನು ಚಿಲಕ ಹಾಕದೆ ಬರೀ ಮುಚ್ಚಿ, ಅವಳನ್ನು ಹಿತ್ತಲಿನ ಬಚ್ಚಲಿಗೆ ಕರೆದೊಯ್ದು ತೊಳೆದು, ಬಟ್ಟೆ ಬದಲಿಸಿ ಒಳಗೆ ಬಂದೆ.

ಪರಶುರಾಮ ಎಂಬ ಹುಡುಗ ತನ್ನ ಚಾಪೆಯ ಮೇಲೆ ಕೂತು ನಡುಗುತ್ತಿದ್ದ. ಎದೆಯವರೆಗೆ ತೊಯ್ದಿದ್ದ, ಕಾಲಿಗೆಲ್ಲ ರಾಡಿ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಆ ಚಿಲಕ ಯಾವ ಮಗುವಿಗೂ ಎಟುಕುವುದಿಲ್ಲ.

"ಏನಾತೋ?" ಎಂದೆ.

"ಕಾಲುವಿಯಾಗ ಬಿದ್ದೆ."

"ಆಮ್ಯಾಲೆ?"

"ನೀನ ಎತ್ಕೊಂಡು ಬಂದೆಲ್ಲ ಟೀಚರ್."

ಅವನ ಬಟ್ಟೆ ಬದಲಿಸಿ ಎದೆಗೊತ್ತಿಕೊಂಡೇ ಕೂತೆ. ಎಚ್ಚರವಿದ್ದ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು, ಕಲಿತ ಹಾಗೆಯೇ, ಏನನ್ನೂ ಸೂಚಿಸದೆ ಕೇಳಿದೆ: ಏನಾಯಿತು? ಯಾರು ಬಂದರು? ಎಲ್ಲರೂ ನನ್ನನ್ನೇ ತೋರಿಸಿದರು. ರೇಷ್ಮಾ ಮಾತ್ರ, "ಟೀಚರ್ ನನ್ನ ಮಾರಿ ತೊಳ್ಯಾಕತ್ತಿದ್ರು" ಅಂದಳು. ನನ್ನ ಚೂಡಿದಾರ ಮೊಣಕಾಲವರೆಗೆ ಒದ್ದೆಯಾಗಿತ್ತು. ಆದರೆ ನಾನು ಆಗಷ್ಟೇ ತಂಬಿಗೆಗಟ್ಟಲೆ ನೀರು ಸುರಿದು ಬಂದವಳು. ಅದು ಯಾವ ನೀರೆಂದು ಹೇಗೆ ಹೇಳಲಿ?

ಅಷ್ಟರಲ್ಲಿ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಬಾಗಿಲು ಬಡಿದಳು. "ಹುಡುಗ ಆರಾಮದಾನಿಲ್ರಿ? ನಾ ಆ ದಂಡಿಯಿಂದ ಓಡಿ ಬರೂದ್ರಾಗ ನೀವ ಇಳಿದು ಎತ್ಕೊಂಡ್ರಿ. ಎಷ್ಟು ಕರೆದ್ರೂ ತಿರುಗಿ ನೋಡ್ಲಿಲ್ಲ ನೋಡ್ರಿ!"

"ನಾನಾ?"

"ಮತ್ಯಾರ್ರೀ? ಇದ ಹಳದಿ ಚೂಡಿ."

ನಾನು ಬಗ್ಗಿ ನನ್ನ ಹಳದಿ ಚೂಡಿದಾರವನ್ನೇ ನೋಡಿಕೊಂಡೆ.

ವಿಶ್ವವಿದ್ಯಾಲಯಕ್ಕೆ ಮರಳಿ ಹೋದ ಮೇಲೆ ನಮ್ಮ ಪ್ರಾಧ್ಯಾಪಕಿಗೆ ಹೇಳಿದೆ. ಗಾಬರಿಯಲ್ಲಿ ನೀನೇ ಓಡಿಹೋಗಿ ಮರೆತಿರಬಹುದು ಎಂದರು. ಹಾಗಾದರೆ ರೇಷ್ಮಾಳ ಜೊತೆ ಇದ್ದವರು ಯಾರು ಎಂದು ಕೇಳಿದೆ. ದೇವರ ಕೆಲಸ ಅನ್ನುತ್ತಾರೇನೋ ಅಂದುಕೊಂಡಿದ್ದೆ, ಅನ್ನಲಿಲ್ಲ. ನಾನು ಓಡಿದ್ದೆನೇ ಎಂದು ಎಷ್ಟೋ ಸಲ ನೆನಪು ಕೆದಕಿದ್ದೇನೆ. ಬಚ್ಚಲು, ತಂಬಿಗೆ, ರೇಷ್ಮಾಳ ಅಳು, ಇಷ್ಟೇ ಸಿಗುತ್ತದೆ.

ಪರಶುರಾಮನ ತಾಯಿ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಳು. ಮಗ ಕಾಲುವೆಗೆ ಬಿದ್ದ ದಿನ ಸಂಜೆ ವಿಷಯ ತಿಳಿದು ಓಡಿಬಂದವಳು ಮಗನನ್ನು ಮುಟ್ಟುವ ಮೊದಲು ನನ್ನ ಕಾಲು ಹಿಡಿದಳು. "ನಾನಲ್ಲವ್ವ" ಅನ್ನುವುದು ಬಾಯಿಯವರೆಗೆ ಬಂದು ನಿಂತಿತು. ಅಲ್ಲವೆಂದು ನನಗೂ ಗೊತ್ತಿರಲಿಲ್ಲ. ಈಗಲೂ ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಚೀಲ ಕೆಳಗಿಟ್ಟು ಕೈ ಮುಗಿಯುತ್ತಾಳೆ. ನಾನೂ ಮುಗಿಯುತ್ತೇನೆ, ಯಾರ ಪರವಾಗಿ ಎಂದು ತಿಳಿಯದೆ.