ಬಾಗಲಾ ಇಲ್ಲದ ಅಡ್ರೆಸ್ಸಿಗೆ ಬಂದ ಮಿಕ್ಸರ್

ಗೋವಾದ ಮಡಗಾಂವದಾಗ ಒಂದು ಅಪಾರ್ಟ್‌ಮೆಂಟ್ ಕಟ್ಟುವಾಗ ನಾವು ಗಂಡ ಹೆಂಡತಿ ಅದರದ ಒಂದು ಖೋಲಿಯೊಳಗ ಇರ್ತಿದ್ವಿ. ಖಾರ ಅರದು ಅರದು ಹೆಂಡತಿ ರಟ್ಟಿ ನೋಯತಿದ್ವು ಅಂತ ಅದ ಅಡ್ರೆಸ್ ಕೊಟ್ಟು ಆನ್‌ಲೈನ್ ಮಿಕ್ಸರ್ ಆರ್ಡರ್ ಮಾಡಿದೆ. ಇವತ್ತು ನಾಳೆ ಅಂತ ಅದು ಬರೋದ್ರಾಗ ಕೆಲಸ ಮುಗದು, ನಾವು ಬ್ಯಾರೆ ಸೈಟಿಗೆ ಹೋಗಿದ್ವಿ. ಮೊನ್ನೆ ಪಾರ್ಸಲ್ ಮುಟ್ಟೇತಿ ಅಂತ ಮೆಸೇಜ್ ಬಂತು. ಹಳೇ ಅಡ್ರೆಸ್ಸಿಗೆ ಓಡಿದೆ.

ಬಾಗಲಾ ತೆಗೆದ ಮನಿ ಮಾಲಕಿನಿ, “ನಮ್ಮ ಮನಿ ನಿಮ್ಮ ಅಡ್ರೆಸ್ ಹೆಂಗಾತು?” ಅಂತ ಹಿಂದಿಯೊಳಗ ಕೇಳಿದ್ಳು.

“ನಿಮಗಿಂತ ಮೊದಲ ನಾವು ಇಲ್ಲೇ ಮಲಗತಿದ್ವಿ ಬಾಯಿ. ಆವಾಗ ಬಾಗಲಾ ಇರಲಿಲ್ಲ.”

ನಕ್ಕು ಒಳಗ ಕರದ್ಳು. ಡಬ್ಬಿ ಜಜ್ಜಿ ಹೋಗಿತ್ತು. ಆಕಿನ ಪ್ಲಗ್ ಹಾಕಿ ನೋಡಿದ್ಳು. ಗರ್ ಅಂತ ತಿರುಗಿತು. ಹೋದ ಜೀವ ಬಂದಂಗಾತು.

ಹೆಂಡತಿ ಈಗ ಫ್ಯಾನ್ ಬೇಕು ಅಂತಾಳ. ಹೊಸಾ ಸೈಟಿನ್ಯಾಗ ಇನ್ನೂ ಪಿಲ್ಲರ್ ಅಷ್ಟ ಎದ್ದಾವ. ಈಗ ಆರ್ಡರ್ ಮಾಡು ಅಂದೇನಿ, ಅದು ಬರೋದ್ರಾಗ ಬಡಿಯಾಕ ಒಂದು ಬಾಗಲಾ ಆಗಿರ್ತೈತಿ.